ಅಕ್ಷರವಲ್ಲ, ಅಕ್ಷರದ ವೇಷ

ಹೋದ ತಿಂಗಳು ನನ್ನ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಧಾರವಾಡದಿಂದ ಹುಬ್ಬಳ್ಳಿಗೆ ಒಯ್ದು ಹೊಸದು ಹಾಕಿಸಿದೆ. ರಿಪೇರಿ ಹುಡುಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎಲ್ಲ ನಕಲು ಮಾಡಿಕೊಟ್ಟಿದ್ದ. ಮನೆಗೆ ಬಂದು ಥಂಡರ್‌ಬರ್ಡ್ ತೆರೆದರೆ ಒಂದು ಮೇಲ್ ಇಲ್ಲ. ಅವು ಡಾಕ್ಯುಮೆಂಟ್ಸ್‌ನಲ್ಲಿ ಇರುವುದೇ ಇಲ್ಲ. ವಿಂಡೋಸ್ ಮರೆಮಾಡಿಟ್ಟಿರುವ ಆ್ಯಪ್‌ಡೇಟಾ ಫೋಲ್ಡರಿನೊಳಗೆ, ಪ್ರೊಫೈಲ್ ಎಂಬಲ್ಲಿ ಇರುತ್ತವೆ. ಪುಣ್ಯಕ್ಕೆ ಹಳೆಯ ಡಿಸ್ಕ್ ಪೂರ್ತಿ ಸತ್ತಿರಲಿಲ್ಲ. ಮರುದಿನ ಮತ್ತೆ ಹೋದೆ. ಹುಡುಗ ಆ ಫೋಲ್ಡರನ್ನು ತೆಗೆದು ಹೊಸ ಪ್ರೊಫೈಲಿನ ಜಾಗದಲ್ಲಿ ಕೂಡಿಸಿದ. ‘ಎಲ್ಲಾ ಬಂದಾವ್ರಿ ಸರ’ ಅಂದ. ಒಂದು ಮೇಲ್ ತೆರೆದು, ‘ಆದ್ರ ಇದು ಯಾವ ಭಾಷಾರಿ?’

ಕನ್ನಡವಪ್ಪಾ. 2005ರಿಂದ ನಾಲ್ಕು ವರ್ಷ ನಾನೂ ನನ್ನ ಗೆಳೆಯನೂ ಒಂದು ಅನುವಾದದ ಬಗ್ಗೆ ಜಗಳಾಡಿದ ಪತ್ರಗಳು. ಅವನೀಗ ಇಲ್ಲ. ಇಳಿಸಿಕೊಂಡ ಮೇಲ್ ಸರ್ವರಿನಿಂದ ಅಳಿಸಿಹೋಗುವ ಹಳೆಯ ಪಾಪ್ ವ್ಯವಸ್ಥೆ ನನ್ನದು, ಬೇರೆಲ್ಲೂ ಪ್ರತಿಯಿಲ್ಲ. ಪರದೆಯ ಮೇಲಿದ್ದದ್ದು ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತ ರೋಮನ್ ಅಕ್ಷರಗಳ ಜಾತ್ರೆ.

ಇದನ್ನು ಹಾರ್ಡ್ ಡಿಸ್ಕಿನ ತಲೆಗೆ ಕಟ್ಟುವುದು ಸುಲಭ. ತಪ್ಪು ಬರೆಯುವವರದು, ಪ್ರಕಟಿಸುವವರದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ‘ಕ’ ಒತ್ತಿದಾಗ ಕಡತದೊಳಗೆ ಸೇರುತ್ತಿದ್ದದ್ದು ‘ಕ’ ಅಲ್ಲ, ರೋಮನ್ ಅಕ್ಷರಗಳ ಸಂಖ್ಯೆಗಳು. ಫಾಂಟು ಅವಕ್ಕೆ ಕನ್ನಡದ ವೇಷ ತೊಡಿಸುತ್ತಿತ್ತು, ಅಷ್ಟೆ. ಬೇರೇನೂ ಇಲ್ಲದ ಕಾಲದಲ್ಲಿ ಆ ತಂತ್ರಾಂಶಗಳು ಮಾಡಿದ ಉಪಕಾರವನ್ನು ಹಳಿಯಲಾರೆ. ಆದರೆ 1991ರ ಮೊದಲ ಯುನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗವಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟೂ ಇತ್ತು. 2005ರಲ್ಲಿ ನಮಗೆ ದಾರಿಯಿತ್ತು, ನಡೆಯಲಿಲ್ಲ.

ಇವತ್ತಿಗೂ ‘ಲೇಖನ ನುಡಿ ಫಾಂಟಿನಲ್ಲೇ ಇರಲಿ, ಯುನಿಕೋಡ್ ಬೇಡ’ ಎನ್ನುವ ಸಂಪಾದಕರಿದ್ದಾರೆ, ವಿಚಾರಸಂಕಿರಣದ ಸಂಚಾಲಕರಿದ್ದಾರೆ. ಕೇಳಿದರೆ ಡಿಟಿಪಿಯವರತ್ತ ಬೆರಳು: ಅವರು ಪುಟ ಕಟ್ಟುವುದು ಪೇಜ್‌ಮೇಕರಿನಲ್ಲಿ, ಅದಕ್ಕೆ ಯುನಿಕೋಡ್ ಕನ್ನಡ ಬರುವುದಿಲ್ಲ. ನಿಜ. ಅಡೋಬ್ ಅದರ ಹೊಸ ಆವೃತ್ತಿ ತರುವುದನ್ನು ನಿಲ್ಲಿಸಿ ಇಪ್ಪತ್ತು ವರ್ಷ ದಾಟಿತು. ಕೈಬಿಟ್ಟ ತಂತ್ರಾಂಶವೊಂದರ ಅನುಕೂಲಕ್ಕೆ ಇನ್ನೂ ಎಷ್ಟು ಬರಹಗಳನ್ನು ವೇಷದಲ್ಲೇ ಹೂಳಬೇಕು? ಇದೆಲ್ಲ ತಾಂತ್ರಿಕ ವಿಷಯ, ಸಾಹಿತಿಗಳಿಗೇಕೆ ಎನ್ನುವವರೇ ಒಂದು ಅಲ್ಪಪ್ರಾಣ ತಪ್ಪಿದರೆ ಸಭೆಯಲ್ಲಿ ಎದ್ದು ನಿಲ್ಲುತ್ತಾರೆ.

ಹಳೆಯ ಫಾಂಟು ಹಾಕಿಕೊಂಡು ಪತ್ರಗಳನ್ನು ಓದಿದೆ. ಆದರೆ ಹುಡುಕುವ ಜಾಗದಲ್ಲಿ ‘ಅನುವಾದ’ ಎಂದು ಟೈಪಿಸಿದರೆ ಒಂದೂ ಸಿಗುವುದಿಲ್ಲ; ಯಂತ್ರದ ಲೆಕ್ಕದಲ್ಲಿ ಅಲ್ಲಿ ಕನ್ನಡವೇ ಇಲ್ಲವಲ್ಲ. ಪರಿವರ್ತಕಕ್ಕೆ ಹಾಕಿದರೆ ನಡುವಿದ್ದ ಇಂಗ್ಲಿಷ್ ಸಾಲುಗಳೂ ಅರ್ಥವಿಲ್ಲದ ಕನ್ನಡವಾಗಿ ಹೊರಬಂದವು. ಗೆಳೆಯನ ಕೊನೆಯ ಪತ್ರದಲ್ಲಿ ಎರಡನೆಯ ಅಧ್ಯಾಯದ ಒಂದು ಪದ ತೆಗೆದು ಬೇರೊಂದು ಹಾಕು ಎಂದಿದೆ. ಆ ಬೇರೊಂದು ಪದವಿರಬೇಕಾದಲ್ಲಿ ಐದು ಪ್ರಶ್ನಾರ್ಥಕ ಚಿಹ್ನೆಗಳು. ದಾರಿಯಲ್ಲೇ ಯಾವುದೋ ಸರ್ವರ್ ಆ ಅಕ್ಷರಗಳನ್ನು ನುಂಗಿತ್ತು. 2009ರಲ್ಲಿ ಬಂದಾಗಲೂ ಹಾಗೇ ಇತ್ತು. ಭೆಟ್ಟಿಯಾದಾಗ ಕೇಳಿದರಾಯಿತು ಅಂದುಕೊಂಡಿದ್ದೆ.