ಕಪ್ಪಿಟ್ಟ ವೃತ್ತಗಳೂ ಮನಶ್ಶಾಸ್ತ್ರವೂ

ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಶಿಶುವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ ಮೀಸಲಾದ 30 ಬಹುಆಯ್ಕೆಯ ಪ್ರಶ್ನೆಗಳೇ ಅಭ್ಯರ್ಥಿಯ ಮನಶ್ಶಾಸ್ತ್ರಜ್ಞಾನವನ್ನು ಪಕ್ಷಪಾತವಿಲ್ಲದೆ ಅಳೆಯಬಲ್ಲವು, ಲಿಖಿತೋತ್ತರ ಅನವಶ್ಯಕ ಎಂಬುದು ಕಳೆದ ಸಂಚಿಕೆಯ ಲೇಖಕರ ವಾದ. ಪಕ್ಷಪಾತವಿಲ್ಲವೆಂಬುದು ನಿಜ, ಅಳೆಯುತ್ತವೆಂಬುದು ಸಂದೇಹಾಸ್ಪದ. ತಪ್ಪಿಗೆ ಅಂಕ ಕಳೆಯದ ಈ ಪರೀಕ್ಷೆಯಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದವನಿಗೂ ಸರಾಸರಿ ಏಳೂವರೆ ಅಂಕ ಒದಗುತ್ತದೆ.

ಅದು ಅಲ್ಪದೋಷ, ಇರಲಿ. ಗುರುತು ಹಾಕಬಲ್ಲವನು ವಿಷಯವನ್ನೂ ಬಲ್ಲನೇ ಎಂಬುದು ದೊಡ್ಡ ಪ್ರಶ್ನೆ. ಮಗ್ಗಿ ಒಪ್ಪಿಸಿದ ಬಾಲಕನಿಗೆ ಕಾಪಿ ಬರೆಯುವುದರಿಂದ ವಿನಾಯಿತಿ ನೀಡುವುದು, ಅಪ್ರಿಯವಾದುದನ್ನು ತೆಗೆದು ವರ್ತನೆಯನ್ನು ಬಲಪಡಿಸುವ ಕಾರಣ, ಋಣಾತ್ಮಕ ಪುನರ್ಬಲನ. ಪಾವ್ಲೋವನಿಗೆ ನಾಯಿಯನ್ನೂ ಸ್ಕಿನ್ನರನಿಗೆ ಪೆಟ್ಟಿಗೆಯನ್ನೂ ತಪ್ಪದೆ ಜೋಡಿಸಿದವನೇ, ‘ಋಣ’ವೆಂಬ ಶಬ್ದಕ್ಕೆ ಬೆದರಿ ಅದನ್ನು ಶಿಕ್ಷೆಯೆಂದು ವಿವರಿಸಹೊರಟಾಗ, ನಾಲ್ಕು ಸಾಲಿನ ಉತ್ತರ ಅವನನ್ನು ಹಿಡಿದುಕೊಡುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನೊಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ, ವಿಶೇಷತಃ ಗಡಿಯ ಪಾವಗಡದಲ್ಲಿ, ಮನೆಯಲ್ಲಿ ತೆಲುಗನ್ನಾಡಿ ಶಾಲೆಯಲ್ಲಿ ಕನ್ನಡಕ್ಕೆ ತಡವರಿಸುವ ಮಗುವಿನ ಮೌನವನ್ನು ಬುದ್ಧಿಮಾಂದ್ಯವೆಂದೆಣಿಸದ ವಿವೇಕವನ್ನು ಯಾವ ವೃತ್ತವನ್ನು ಕಪ್ಪುಮಾಡಿ ತೋರಿಸುವುದು? 1924ರಷ್ಟು ಹಿಂದೆಯೇ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮೈಸೂರು ವಿಶ್ವವಿದ್ಯಾನಿಲಯದೊಳಗೆ ಮನಶ್ಶಾಸ್ತ್ರ ವಿಭಾಗವನ್ನು ಕಂಡ ನಾಡಿಗೆ ಈ ಪ್ರಶ್ನೆ ಹೊಸದಾಗಬಾರದಿತ್ತು. ಪಕ್ಷಪಾತದ ಭೀತಿಗಾದರೋ ನೋಂದಣಿ ಸಂಖ್ಯೆಯನ್ನು ಮರೆಮಾಡಿ ಇಬ್ಬರಿಂದ ಮೌಲ್ಯಮಾಪನ ಮಾಡಿಸಬಹುದು. ಮೂವತ್ತು ವೃತ್ತಗಳೂ ಉಳಿಯಲಿ. ಅವುಗಳ ಪಕ್ಕದಲ್ಲಿ ತರಗತಿಯ ಎರಡು ಪ್ರಸಂಗಗಳಿಗೆ ಸ್ಥಳವಿರಲಿ.