ಗುಳ್ಳೆ ನಿಂತರೆ ಹುದುಗು ಮುಗಿಯಿತೆ?

ಮನೆಯ ವೈನಿಗೆ ಇಪ್ಪತ್ತೊಂದು ದಿನವೆಂಬ ಲೆಕ್ಕ ಹಿಡಿದು, ಗುಳ್ಳೆ ನಿಂತೊಡನೆ ಸೀಸೆಗೆ ಬಿರಟೆ ಬಿಗಿಯುವ ರೂಢಿ ಅಪಾಯಕಾರಿ. ದ್ರಾಕ್ಷಿಯ ಜಿಲ್ಲೆಯಾದ ವಿಜಯಪುರವನ್ನೇ ನೋಡಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಜನವರಿಯ ಚಳಿರಾತ್ರಿಗೆ ಯೀಸ್ಟ್ ಸಕ್ಕರೆಯನ್ನು ಪೂರ್ತಿ ತಿನ್ನದೆಯೇ ಮಂಕಾಗಬಹುದು. ಮಾರ್ಚಿಯಲ್ಲಿ ಬಿಸಿಲೇರಿದಾಗ ಅದು ಮತ್ತೆ ಎಚ್ಚೆತ್ತರೆ, ಇಂಗಾಲದ ಡೈಆಕ್ಸೈಡ್ ಒತ್ತಡಕ್ಕೆ ಗಾಜು ಸಿಡಿಯುತ್ತದೆ.

ಆದುದರಿಂದ ನಂಬಬೇಕಾದುದು ಸಾಂದ್ರತಾಮಾಪಕವನ್ನು. ಆರಂಭದಲ್ಲಿ 1.080ರ ಆಸುಪಾಸಿನಲ್ಲಿರುವ ಅಳತೆಯು 1.000ಕ್ಕಿಂತ ಕೆಳಗಿಳಿದು, ಮೂರು ದಿನ ಕದಲದಿದ್ದರೆ ಹುದುಗು ಮುಗಿದಂತೆ. 1.020ರಲ್ಲಿಯೇ ನಿಂತಿದ್ದರೆ ಸಕ್ಕರೆ ಇನ್ನೂ ಉಳಿದಿದೆಯೆಂದೇ ಅರ್ಥ. ಭರಣಿಯನ್ನು ಬೆಚ್ಚಗಿನ ಜಾಗದಲ್ಲಿಟ್ಟು ಕಾಯಬೇಕು. ಮಲೆನಾಡಿನ ನೇರಳೆ, ನೆಲ್ಲಿ ವೈನಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ಪರವಾನಗಿಯಿಲ್ಲದ ಮದ್ಯ ತಯಾರಿಕೆಯನ್ನು 1965ರ ಕರ್ನಾಟಕ ಅಬಕಾರಿ ಕಾಯ್ದೆ ನಿಷೇಧಿಸಿದೆ ಎಂಬುದನ್ನೂ ಮರೆಯಲಾಗದು.