ಮೋಟ್ರು ಹೋಗಿಲ್ಲ ಸ್ವಾಮಿ, ಗಾಳಿ ಹೋಗಿದೆ!

ನೀರಿನ ಟ್ಯಾಂಕ್ ವಿಷಯದಲ್ಲಿ ನಮ್ಮ ರಾಮನಗರಕ್ಕೆ ಒಂದು ಹೆಸರಿದೆ. ಇಲ್ಲಿನ ಬಂಡೆಗಳ ಮಧ್ಯೆ ತೆಗೆದ ‘ಶೋಲೆ’ (1975) ನೋಡಿದವರು ಯಾರೂ ಧರ್ಮೇಂದ್ರ ಟ್ಯಾಂಕ್ ಹತ್ತಿ ಊರನ್ನೆಲ್ಲಾ ಹೆದರಿಸಿದ್ದನ್ನ ಮರೆತಿರಲ್ಲ. ಇವತ್ತು ನಾನು ಕೂಗಾಡ್ತಿರೋದೂ ಟ್ಯಾಂಕ್ ವಿಷಯಕ್ಕೇ. ಆದ್ರೆ ಈ ಟ್ಯಾಂಕನ್ನ ಹತ್ತೋಕಾಗಲ್ಲ, ಬೇಕಾದ್ರೆ ಕಾಲಲ್ಲಿ ಒದೀಬಹುದು. ತಾರಸಿ ಮೇಲೋ ಮೆಟ್ಟಿಲ ಕೆಳಗೋ ಮೋಟಾರಿಗೆ ಅಂಟಿಕೊಂಡು ಕೂತಿರುತ್ತಲ್ಲ, ಕೆಂಪೋ ನೀಲಿಯೋ ಬಣ್ಣದ ಒಂದು ಗುಂಡು ಡಬ್ಬಿ, ಅದು. ಪ್ರೆಶರ್ ಟ್ಯಾಂಕ್. ಅದು ಕೆಟ್ಟಿದ್ದಕ್ಕೆ ನಾವು ಮೋಟಾರ್ ಬದಲಾಯಿಸ್ತಾ ಇದ್ದೀವಿ. ಒಂದಲ್ಲ, ಎರಡೆರಡು ಸಲ. ಕೇಳೋರಿಲ್ಲ, ಹೇಳೋರಿಲ್ಲ.

ಹತ್ತು ಹದಿನೈದು ವರ್ಷದ ಹಿಂದೆ ನಮ್ಮ ಕಡೆ ಮನೆಗಳಲ್ಲಿ ಇದು ಅಷ್ಟಾಗಿ ಇರ್ಲಿಲ್ಲ. ಬೋರ್ ನೀರೋ, ನಗರಸಭೆ ನೀರೋ ಸಂಪಿಗೆ ಬರ್ತಿತ್ತು, ಸಂಪಿಂದ ಮೇಲಿನ ಸಿಂಟೆಕ್ಸಿಗೆ, ಅಲ್ಲಿಂದ ನಲ್ಲಿಗೆ. ಕಥೆ ಮುಗೀತು. ಈಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲಿ ನೋಡಿದ್ರೂ ಮೂವತ್ತು-ನಲವತ್ತು ಸೈಟಲ್ಲಿ ಮೂರು ಅಂತಸ್ತು ಎಬ್ಬಿಸ್ತಾರೆ. (ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡೋಕೆ 2025ರ ಮೇನಲ್ಲಿ ಸಚಿವ ಸಂಪುಟ ತೀರ್ಮಾನ ಮಾಡ್ತು. ಹೆಸರಿನ ಜೊತೆ ಬೆಂಗಳೂರಿನ ಷವರ್ ಹುಚ್ಚೂ ಬಂದಿದೆ.) ನೀರಿನ ಲೆಕ್ಕ ಏನು ಅಂದ್ರೆ, ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ. ಮೇಲಿನ ಮಹಡಿ ಷವರಿಗೂ ಸಿಂಟೆಕ್ಸಿಗೂ ನಡುವೆ ಇರೋದು ಎರಡು ಮೀಟರ್. ಅಂದ್ರೆ 0.2 ಬಾರ್. ಆ ಒತ್ತಡದಲ್ಲಿ ದೊಡ್ಡ ಷವರಿಂದ ನೀರು ಬೀಳಲ್ಲ, ಅಳುತ್ತೆ. ಅದಕ್ಕೇ ಪ್ರೆಶರ್ ಪಂಪು, ಅದರ ಜೊತೆಗೆ ಈ ಡಬ್ಬಿ.

ಅಮೆರಿಕದ ಹಳ್ಳಿ ಕಡೆ ಮನೆ ಮಾಡಿರೋ ಕನ್ನಡದವರಿಗೆ ಇದು ಹೊಸದೇನಲ್ಲ. ಅಲ್ಲಿ ಸ್ವಂತ ಬೋರ್ ಇರೋ ಮನೆಗಳಲ್ಲಿ ತಾರಸಿ ಟ್ಯಾಂಕೇ ಇರಲ್ಲ. ಬೋರಿಂದ ನೇರ ನೆಲಮಾಳಿಗೆಯ ಪ್ರೆಶರ್ ಟ್ಯಾಂಕಿಗೆ, ಅಲ್ಲಿಂದ ನಲ್ಲಿಗೆ. ಅವರದು ಆಳೆತ್ತರದ್ದು, ನಮ್ಮದು ಸಾಮಾನ್ಯವಾಗಿ 24 ಲೀಟರಿಂದು. ಕೆಲಸ ಮಾಡೋ ರೀತಿ ಒಂದೇ, ಕೆಡೋ ರೀತಿನೂ ಒಂದೇ.

ಒಳಗೆ ಏನಿದೆ? ಉಕ್ಕಿನ ಡಬ್ಬಿ, ಅದರೊಳಗೆ ಒಂದು ರಬ್ಬರ್ ಚೀಲ. ಚೀಲದ ಒಳಗೆ ನೀರು, ಹೊರಗೆ ಗಾಳಿ. ಮೋಟಾರ್ ನೀರು ತುಂಬಿದ ಹಾಗೆ ಗಾಳಿ ಕುಗ್ಗುತ್ತೆ. ನಲ್ಲಿ ಬಿಟ್ಟಾಗ ಆ ಕುಗ್ಗಿದ ಗಾಳಿ ನೀರನ್ನ ತಳ್ಳುತ್ತೆ, ಮೋಟಾರ್ ಏಳೋದೇ ಬೇಡ. ಒತ್ತಡ ಒಂದು ಮಟ್ಟಕ್ಕಿಂತ ಇಳಿದಾಗ ಸ್ವಿಚ್ಚು ಮೋಟಾರನ್ನ ಎಬ್ಬಿಸುತ್ತೆ, ಏರಿದಾಗ ಮಲಗಿಸುತ್ತೆ. ಬಾಯ್ಲ್ 1662ರಲ್ಲೇ ಹೇಳಿದ್ದು ಇದನ್ನೇ, ನಾವು ಪಿಯುಸಿಯಲ್ಲಿ ಉರು ಹೊಡೆದು ಮಾರ್ಕ್ಸ್ ತಗೊಂಡಿದ್ದೂ ಇದಕ್ಕೇ.

ಆ ಸೂತ್ರ ಹಾಕಿ ನೋಡಿ. 24 ಲೀಟರ್ ಟ್ಯಾಂಕು, ಒಳಗೆ 1.3 ಬಾರ್ ಗಾಳಿ, ಮೋಟಾರ್ ಏಳೋದು 1.5ಕ್ಕೆ, ನಿಲ್ಲೋದು 3ಕ್ಕೆ. ಮೋಟಾರ್ ಏಳದೇ ಸಿಗೋ ನೀರು ಎಂಟು ಲೀಟರಿಗಿಂತ ಚೂರು ಜಾಸ್ತಿ. (24 ಲೀಟರ್ ಟ್ಯಾಂಕ್ ಅಂದ್ರೆ 24 ಲೀಟರ್ ನೀರು ಅಂದ್ಕೊಂಡಿದ್ರಾ? ಅಂಗಡಿಯವರೂ ಹಾಗೇ ಹೇಳ್ತಾರೆ.) ನಲ್ಲಿ ಮಧ್ಯಮವಾಗಿ ಬಿಟ್ಟು 20 ಲೀಟರ್ ಬಕೆಟ್ ತುಂಬಿಸಿದ್ರೆ ಮೋಟಾರ್ ಒಂದೋ ಎರಡೋ ಸಲ ಏಳುತ್ತೆ. ಈಗ ಗಾಳಿ ಸೋರಿ ಹೋಗಿ ಎಂಟು ಲೀಟರ್ ಬದಲು ಅರ್ಧ ಲೀಟರ್ ಉಳೀತು ಅಂತಿಟ್ಕೊಳ್ಳಿ. ಅದೇ ಬಕೆಟ್ಟಿಗೆ ಮೋಟಾರ್ ಸುಮಾರು ಮೂವತ್ತು ಸಲ ಎದ್ದು ಮಲಗುತ್ತೆ. ಏಳುವಾಗೆಲ್ಲಾ ಅದು ಎಳೆಯೋ ಕರೆಂಟು ಮಾಮೂಲಿಗಿಂತ ಐದಾರು ಪಟ್ಟು. ವೈಂಡಿಂಗ್ ಬಿಸಿ ಆಗುತ್ತೆ, ಕೆಪಾಸಿಟರ್ ಸೊರಗುತ್ತೆ, ಪ್ರೆಶರ್ ಸ್ವಿಚ್ಚಿನ ಕಾಂಟ್ಯಾಕ್ಟ್ ಕರಕಲಾಗುತ್ತೆ. ಒಂದು ದಿನ ಮೋಟಾರ್ ನಿಜವಾಗಿಯೂ ಸುಟ್ಟು ಹೋಗುತ್ತೆ.

ಆಗ ಮೆಕ್ಯಾನಿಕ್ ಬರ್ತಾನೆ. "ಮೋಟ್ರು ಹೋಗೈತೆ" ಅಂತಾನೆ. ಸುಳ್ಳಲ್ಲ, ಹೋಗಿರುತ್ತೆ. ಆದ್ರೆ ಕೊಂದವರು ಯಾರು ಅಂತ ಯಾರೂ ಕೇಳಲ್ಲ. ಹೊಸ ಮೋಟಾರ್ ತಂದು ಅದೇ ಸತ್ತ ಟ್ಯಾಂಕಿಗೆ ಕಟ್ಟಿ ಹೋಗ್ತಾನೆ. ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದ್ರೆ, ಮೆಮೊರಿ ಸೋರ್ತಿದೆ ಅಂದಾಗ ಸರ್ವರ್ ರೀಸ್ಟಾರ್ಟ್ ಮಾಡಿ ಬಗ್ ಕ್ಲೋಸ್ ಮಾಡಿದ ಹಾಗೆ. ಅಲ್ಲಿ ಹಾಗೆ ಮಾಡಿದ್ರೆ ಮ್ಯಾನೇಜರ್ ಉಗೀತಾನೆ. ಇಲ್ಲಿ ಕಾಫಿ ಕೊಟ್ಟು ಕಳಿಸ್ತೀವಿ.

ಚನ್ನಪಟ್ಟಣದಲ್ಲಿರೋ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಆಗಿದ್ದು ಇದೇ. ಮೊದಲ ಮೋಟಾರ್ ನಾಲ್ಕನೇ ವರ್ಷ ಸುಟ್ಟಿತು. ಆಯ್ತು, ಆಯಸ್ಸು ಮುಗೀತು ಅಂದ್ಕೊಂಡ್ರು. ಎರಡನೇದು ಹದಿನಾಲ್ಕು ತಿಂಗಳಿಗೇ ಹೋಯ್ತು. ಕರೆಂಟು ಸರಿಯಿಲ್ಲ ಅಂತ ಒಬ್ಬ, ಕಂಪನಿ ಮಾಲು ಸರಿಯಿಲ್ಲ ಅಂತ ಇನ್ನೊಬ್ಬ. ಮೂರನೇದು ಬಿಕ್ಕಳಿಸೋಕೆ ಶುರು ಮಾಡಿದಾಗ ನಾನು ಹಬ್ಬಕ್ಕೆ ಹೋಗಿದ್ದೆ. ಅಂಗಡಿಯಿಂದ ಬಂದವನು ಟ್ಯಾಂಕಿನ ಕಡೆ ತಿರುಗಿಯೂ ನೋಡ್ಲಿಲ್ಲ. "ಯಜಮಾನ್ರೇ, ಇದೂ ಹೋಗೋ ಟೈಮು ಬಂದೈತೆ. ದೊಡ್ಡ ಎಚ್‌ಪಿದು ಹಾಕ್ಸ್‌ಬುಡಿ" ಅಂದ. "ಅಣ್ಣ, ಟ್ಯಾಂಕಲ್ಲಿ ಗಾಳಿ ನೋಡಿದ್ರಾ?" ಅಂದೆ. "ಅದ್ರಲ್ಲಿ ಏನೂ ಕೆಡಾಕಿಲ್ಲ ಸಾ, ಬರೀ ಡಬ್ಬ ಅದು" ಅಂದ. ಹಿಂದುಗಡೆಯ ಕಪ್ಪು ಮುಚ್ಚಳ ಬಿಚ್ಚಿ ವಾಲ್ವಿನ ಪಿನ್ನು ಒತ್ತಿದೆ. ಗಾಳಿ ಬರಬೇಕಾದ ಕಡೆಯಿಂದ ತುಕ್ಕು ನೀರು ಪಿಚಕ್ಕಂತ ಚಿಮ್ಮಿತು. ಚೀಲ ಹರಿದು ಎಷ್ಟು ಕಾಲ ಆಗಿತ್ತೋ! ಅಷ್ಟೂ ಕಾಲ ಎರಡು ಮೋಟಾರುಗಳು ಆ ಟ್ಯಾಂಕಿಗೆ ಬಲಿ. ಚೀಲ ಬದಲಾಯಿಸಿದ್ವಿ. ಅದೇ ಮೂರನೇ ಮೋಟಾರ್ ಇವತ್ತಿಗೂ ಓಡ್ತಿದೆ.

ಹಾಗಂತ ಎಲ್ಲಾ ತಪ್ಪು ಮೆಕ್ಯಾನಿಕ್ಕಿಂದು ಅಂತ ಷರಾ ಬರೆದು ಕೈ ತೊಳ್ಕೊಳ್ಳೋದು ನನಗೆ ಒಪ್ಪಿಗೆ ಇಲ್ಲ. ಯೋಚನೆ ಮಾಡಿ. ಅವನು ಬಂದು, ಹದಿನೈದು ನಿಮಿಷ ನೋಡಿ, ಗಾಳಿ ತುಂಬಿ "ಮುನ್ನೂರು ಕೊಡಿ" ಅಂದ್ರೆ ನಾವು ಏನಂತೀವಿ? "ಗಾಳಿಗೆ ಮುನ್ನೂರಾ? ಪೆಟ್ರೋಲ್ ಬಂಕಲ್ಲಿ ಪುಗಸಟ್ಟೆ ಹಾಕ್ತಾರೆ!" ಅಂತೀವಿ. ಅದೇ ಸಾವಿರಾರು ರೂಪಾಯಿ ಮೋಟಾರಿಗೆ ತುಟಿ ಪಿಟಕ್ಕನ್ನದೆ ಕೊಡ್ತೀವಿ, ಯಾಕಂದ್ರೆ ಕೈಗೆ ಒಂದು ಭಾರದ ಡಬ್ಬ ಬಂತಲ್ಲ. ಯೋಚನೆಗೆ ಕಾಸು ಕೊಡಲ್ಲ, ವಸ್ತುವಿಗೆ ಕೊಡ್ತೀವಿ. ಅವನಿಗೆ ಅಂಗಡಿಯವನು ಕೊಡೋದೂ ಮಾರಿದ ಮೋಟಾರಿನ ಮೇಲೆ. ಹೀಗಿರುವಾಗ ಅವನು ಟ್ಯಾಂಕ್ ಕಡೆ ನೋಡ್ಬೇಕು ಯಾಕೆ? ಗಂಟೆ ಲೆಕ್ಕದಲ್ಲಿ ಯೋಚನೆಯನ್ನೇ ಮಾರಿ ಸಂಬಳ ತಗೊಳ್ಳೋ ನಮ್ಮಂಥ ಇಂಜಿನಿಯರುಗಳಿಗೇ ಇದು ಅರ್ಥ ಆಗಲ್ಲ ಅಂದ್ರೆ ಇನ್ಯಾರಿಗೆ ಆಗಬೇಕು?

"ಹೊಸ ಪಂಪಾದ್ರೆ ಗ್ಯಾರಂಟಿ ಇರುತ್ತಲ್ಲಪ್ಪ" ಅನ್ನೋರಿದ್ದಾರೆ. ಗ್ಯಾರಂಟಿ ಪಂಪಿಗೆ ಸ್ವಾಮಿ, ಅದನ್ನ ಸಾಯಿಸ್ತಿರೋ ಹಳೇ ಟ್ಯಾಂಕಿಗಲ್ಲ. "ನಮ್ಮ ಕಾಲದಲ್ಲಿ ಇವೆಲ್ಲಾ ಇತ್ತಾ?" ಅನ್ನೋ ಹಿರಿಯರ ಮಾತಲ್ಲಿ ಮಾತ್ರ ಅರ್ಧ ಸತ್ಯ ಇದೆ. ಕೆಳಗಿನ ಮನೆಗೆ ಆರೇಳು ಮೀಟರ್ ಎತ್ತರದ ಒತ್ತಡ ತಾನಾಗೇ ಸಿಗುತ್ತೆ, ಅದಕ್ಕೆ ಸಿಂಟೆಕ್ಸಿಂದ ಬೇರೆ ಪೈಪ್ ಇಳಿಸಿದ್ರೆ ಸಾಕು. ಪ್ರೆಶರ್ ಪಂಪ್ ಬೇಕಾಗೋದು ಮೇಲಿನ ಮಹಡಿಗೆ ಮಾತ್ರ. ಮನೆ ಕಟ್ಟುವಾಗ ಇದನ್ನ ಯಾರೂ ಹೇಳಲ್ಲ, ಇಡೀ ಮನೇನ ಒಂದೇ ಪಂಪಿಗೆ ಕಟ್ಟಿ ಹಾಕ್ತಾರೆ.

ಸರಿ, ಬೈದಿದ್ದು ಸಾಕು. ನಿಮ್ಮ ಮನೇಲಿ ಹೋಗಿರೋದು ಟ್ಯಾಂಕಾ, ಬೇರೆ ಏನಾದ್ರಾ ಅಂತ ಹೇಗೆ ತಿಳಿಯೋದು? ನಲ್ಲಿ ಬಿಟ್ಟಾಗ ಮೋಟಾರ್ ಟಕ್ ಅಂತ ಎದ್ದು ಟಕ್ ಅಂತ ನಿಂತು ಹೀಗೇ ಮಾಡ್ತಿದ್ರೆ, ಮೀಟರ್ ಮುಳ್ಳು ಮೇಲೆ ಕೆಳಗೆ ಕುಣೀತಿದ್ರೆ, ಷವರ್ ನೀರು ಅಲೆ ಅಲೆಯಾಗಿ ಬರ್ತಿದ್ರೆ ಅನುಮಾನ ಟ್ಯಾಂಕ್ ಮೇಲೆ. ಎಲ್ಲಾ ನಲ್ಲಿ ನಿಲ್ಲಿಸಿದ್ದಾಗಲೂ ಹತ್ತು ನಿಮಿಷಕ್ಕೊಂದು ಸಲ ಮೋಟಾರ್ ಏಳ್ತಿದ್ರೆ ಅದು ಬೇರೆ ಕಥೆ. ಎಲ್ಲೋ ಫ್ಲಷ್ ಸೋರ್ತಿದೆ, ಇಲ್ಲಾ ನೀರು ವಾಪಸ್ ಹೋಗದ ಹಾಗೆ ತಡೆಯೋ ವಾಲ್ವ್ ಹೋಗಿದೆ. ಈ ಎರಡನ್ನೂ ಗೊಂದಲ ಮಾಡ್ಕೋಬೇಡಿ. ನಮ್ಮ ಕಡೆ ಬೋರ್ ನೀರು ಗಡಸು, ಪಾತ್ರೆ ತಳದಲ್ಲಿ ಬಿಳೀ ಪೊರೆ ಕಟ್ಟುತ್ತಲ್ಲ, ಅದೇ ಪೊರೆ ಪ್ರೆಶರ್ ಸ್ವಿಚ್ಚಿಗೆ ಹೋಗೋ ಸೂಜಿಯಂಥ ತೂತನ್ನೂ ಮುಚ್ಚುತ್ತೆ. ಆಗ್ಲೂ ಮೋಟಾರ್ ಹುಚ್ಚಾಟ ಆಡುತ್ತೆ, ಆ ತೂತು ಒಮ್ಮೆ ಬಿಡಿಸಿ ನೋಡಿ.

ಗಾಳಿ ನೋಡೋದಕ್ಕೆ ಮೊದಲು ಎಂಸಿಬಿ ಆಫ್ ಮಾಡಿ. ಸ್ವಿಚ್ ಬೋರ್ಡಿನ ಸ್ವಿಚ್ ಅಲ್ಲ, ಎಂಸಿಬಿ. ಆಮೇಲೆ ಪಂಪಿಗೆ ನೀರು ಬರೋ ಕಡೆ ಗೇಟ್ ವಾಲ್ವ್ ಮುಚ್ಚಿ, ನಲ್ಲಿ ಬಿಟ್ಟು ನೀರೆಲ್ಲಾ ಖಾಲಿ ಆಗೋ ತನಕ ಕಾಯಿರಿ. ಇದೇ ಮುಖ್ಯ. ನೀರು ಇರುವಾಗ ಅಳೆದ್ರೆ ಮೀಟರ್ ತೋರಿಸೋದು ನೀರಿನ ಒತ್ತಡವನ್ನ, ಗಾಳಿ ತುಂಬಾ ಚೆನ್ನಾಗಿದೆ ಅಂದ್ಕೊಂಡು ಮುಚ್ಚಳ ಹಾಕಿಬಿಡ್ತೀರಿ. ಖಾಲಿ ಆದ ಮೇಲೆ ಕಾರಿನ ಟಯರ್ ಅಳೆಯೋ ಮೀಟರ್ ಸಾಕು. ಅಲ್ಲಿರೋದು ಕಾರು-ಬೈಕಿನ ವಾಲ್ವೇ, ಸೈಕಲ್ ವಾಲ್ವ್ ಅಲ್ಲ. ಮೋಟಾರ್ ಏಳೋ ಒತ್ತಡಕ್ಕಿಂತ ಸುಮಾರು 2 ಪಿಎಸ್‌ಐ ಕಡಿಮೆ ಇರಬೇಕು. 1.5 ಬಾರಿಗೆ ಏಳೋ ಮೋಟಾರಿಗೆ 19-20 ಪಿಎಸ್‌ಐ. ಕಡಿಮೆ ಇದ್ರೆ ಬೈಕಿಗೆ ಹೊಡೆಯೋ ಪಂಪಲ್ಲೇ ಹೊಡೀರಿ. ನಾಲ್ಕು ದಿನಕ್ಕೆ ಮತ್ತೆ ಇಳಿದ್ರೆ ವಾಲ್ವಿಗೆ ಸೋಪು ನೀರು ಹಚ್ಚಿ, ಗುಳ್ಳೆ ಬಂದ್ರೆ ಪಂಕ್ಚರ್ ಅಂಗಡಿಯಲ್ಲಿ ಸಿಗೋ ಪಿನ್ನು ಹಾಕಿದ್ರೆ ಮುಗೀತು.

ಪಿನ್ನು ಒತ್ತಿದಾಗ ನೀರು ಬಂದ್ರೆ ಎಷ್ಟು ಗಾಳಿ ಹೊಡೆದ್ರೂ ಪ್ರಯೋಜನವಿಲ್ಲ, ಚೀಲ ಹರಿದಿದೆ. ತುಂಬಾ ಟ್ಯಾಂಕುಗಳಲ್ಲಿ ಒಂದು ಕಡೆ ಬೋಲ್ಟ್ ಹಾಕಿದ ತಟ್ಟೆ ಇರುತ್ತೆ, ಅದನ್ನ ಬಿಚ್ಚಿ ಚೀಲ ಮಾತ್ರ ಬದಲಾಯಿಸಬಹುದು. ಬಿಚ್ಚೋ ಮೊದಲು ಪಿನ್ನು ಒತ್ತಿ ಗಾಳಿ ಪೂರ್ತಿ ತೆಗೀರಿ, ಒತ್ತಡ ಇರುವಾಗ ಬಿಚ್ಚಿದ್ರೆ ತಟ್ಟೆ ಮುಖಕ್ಕೆ ಬರುತ್ತೆ. ಡಬ್ಬಿಯೇ ತುಕ್ಕು ಹಿಡಿದು ಹೊರಗಡೆ ಒಸರ್ತಿದ್ರೆ ಚೀಲ ಬೇಡ, ಟ್ಯಾಂಕೇ ಬದಲಾಯಿಸಿ. ಹಳೇದನ್ನ ಎತ್ತುವಾಗ ಹುಷಾರು, ಒಳಗೆ ನೀರು ನಿಂತಿದ್ರೆ ಭಾರ ಇರುತ್ತೆ. ದಾರಕ್ಕೆ ಟೆಫ್ಲಾನ್ ಟೇಪ್ ಸುತ್ತಿ ಹೊಸದನ್ನ ಕೂರಿಸಿ. ಮೊದಲಿನ ಅಳತೆಗಿಂತ ಚಿಕ್ಕದು ಮಾತ್ರ ಬೇಡ. ಮತ್ತೆ, ನೀರಿನ ಲೈನಿಗೆ ಕಟ್ಟೋದಕ್ಕೆ ಮೊದಲೇ ಅದರ ಗಾಳಿ ಅಳೆಯಿರಿ. ಫ್ಯಾಕ್ಟರಿಯಲ್ಲಿ ತುಂಬಿದ ಗಾಳಿಗೆ ನಿಮ್ಮ ಸ್ವಿಚ್ ಎಷ್ಟಕ್ಕಿದೆ ಅಂತ ಏನು ಗೊತ್ತು? ಟ್ಯಾಂಕೇ ಇಲ್ಲದ, ಎಲೆಕ್ಟ್ರಾನಿಕ್ ಕಂಟ್ರೋಲ್ ಇರೋ ಪಂಪುಗಳೂ ಬಂದಿವೆ, ಅವಕ್ಕೆ ಈ ಪುರಾಣ ಅನ್ವಯಿಸಲ್ಲ.

ಇದರಲ್ಲಿ ರಾಕೆಟ್ ವಿಜ್ಞಾನ ಏನಿದೆ ಹೇಳಿ? ವರ್ಷಕ್ಕೆರಡು ಸಲ ಗಾಳಿ ನೋಡಿದ್ರೆ ಸಾಕು. ಆದ್ರೆ ಚಿಕ್ಕಪ್ಪನ ಮನೆಯ ಟ್ಯಾಂಕಿನ ಮೇಲಿದ್ದ ಚೀಟಿ ಪೂರ್ತಿ ಇಂಗ್ಲಿಷು, ಅದೂ ಇರುವೆ ಗಾತ್ರದ ಅಕ್ಷರ. ಜೊತೆಗೆ ಬಂದ ಪುಸ್ತಕದಲ್ಲಿ ಹುಡುಕಿದ್ರೂ ಒಂದು ಸಾಲು ಕನ್ನಡ ಇಲ್ಲ. ಚಿಕ್ಕಪ್ಪ ರೇಷ್ಮೆ ವ್ಯಾಪಾರ ಮಾಡಿದವರು, ಕನ್ನಡ ಪತ್ರಿಕೇನ ಜಾಹೀರಾತೂ ಬಿಡದೆ ಓದ್ತಾರೆ. ಡಬ್ಬಿ ಮೇಲೆ "ಆರು ತಿಂಗಳಿಗೊಮ್ಮೆ ಗಾಳಿ ಪರೀಕ್ಷಿಸಿ, ನೀರು ಬಂದರೆ ಚೀಲ ಬದಲಿಸಿ" ಅಂತ ಒಂದೇ ಒಂದು ಸಾಲು ಕನ್ನಡ ಇದ್ದಿದ್ರೆ ಎರಡು ಮೋಟಾರಿನ ದುಡ್ಡು ಉಳೀತಿತ್ತು. ಚನ್ನಪಟ್ಟಣದಲ್ಲಿ ಮಾಲು ಮಾರೋಕೆ ಬರುತ್ತೆ, ಚನ್ನಪಟ್ಟಣದವರಿಗೆ ಅರ್ಥ ಆಗೋ ಹಾಗೆ ಒಂದು ಚೀಟಿ ಅಂಟಿಸೋಕೆ ಬರಲ್ವಾ? ಮುಂದಿನ ಸಲ ಅಂಗಡಿಗೆ ಹೋದಾಗ "ಕನ್ನಡದ ಪುಸ್ತಕ ಕೊಡಿ" ಅಂತ ಕೇಳಿ. ಇಲ್ಲ ಅಂತಾನೆ, ಗೊತ್ತು. ಹತ್ತು ಜನ ಕೇಳಿದ್ರೆ ಡೀಲರಿಗೆ ಹೇಳ್ತಾನೆ.

ಅಲ್ಲಿವರೆಗೆ ನಾವೇ ಬರ್ಕೊಳ್ಳೋಣ. ನಾನು ಚಿಕ್ಕಪ್ಪನ ಟ್ಯಾಂಕ್ ಮೇಲೆ ಪರ್ಮನೆಂಟ್ ಮಾರ್ಕರಲ್ಲಿ ಗಾಳಿ ಎಷ್ಟಿರಬೇಕು, ಯಾವ ತಾರೀಕು ನೋಡಿದ್ದು ಅಂತ ಬರೆದು ಬಂದೆ. ಅಂದಹಾಗೆ, ಈ ‘ಪ್ರೆಶರ್ ಟ್ಯಾಂಕ್’ಗೆ ಬಾಯಲ್ಲಿ ನಿಲ್ಲೋ ಒಂದು ಕನ್ನಡ ಪದ ಬೇಕು. ಒತ್ತಡ ತೊಟ್ಟಿ ಅಂತ ಬರೆದು ನೋಡಿದೆ, ಕೋಳಿ ಫಾರಂ ಸಾಮಾನಿನ ಹಾಗೆ ಕೇಳ್ಸುತ್ತೆ :) ನಿಮ್ಮ ಊರಲ್ಲಿ ಇದಕ್ಕೆ ಏನಂತಾರೆ?